ನಾಲ್ಕು ಕೋರಿನ ಲಗ್ನಪತ್ರಿಕೆ

ಕತ್ರಿಗುಪ್ಪೆಯಲ್ಲಿ ನಾನು ಲಗ್ನಪತ್ರಿಕೆ ಅಚ್ಚು ಹಾಕಿಕೊಡುವ ಡಿಟಿಪಿ ಅಂಗಡಿ ನಡೆಸುತ್ತಿದ್ದ ಕಾಲದಲ್ಲಿ, ನಗಬೇಕೋ ಅಳಬೇಕೋ ತಿಳಿಯದ ಪ್ರಸಂಗಗಳಿಗೆ ಬರವಿರಲಿಲ್ಲ. ಪತ್ರಿಕೆಯಲ್ಲಿ ಮುಹೂರ್ತ ತಪ್ಪಾದರೂ ಜನ ಕ್ಷಮಿಸುತ್ತಾರೆ, ಒಬ್ಬ ನೆಂಟರ ಹೆಸರು ಬಿಟ್ಟುಹೋದರೆ ಕ್ಷಮಿಸುವುದಿಲ್ಲ. ಮದುಮಕ್ಕಳಿಗೆ ಮಕ್ಕಳಾದ ಮೇಲೂ ಆ ಪತ್ರಿಕೆಯನ್ನು ಬೀರುವಿನಿಂದ ತೆಗೆದು ತೋರಿಸಿ ಜಗಳವಾಡುತ್ತಾರೆ. ಹಾಗಾಗಿ ಆ ಕೆಲಸವನ್ನು ಭಯಭಕ್ತಿಯಿಂದ ಮಾಡುತ್ತಿದ್ದೆ. ನಾಲ್ಕು ಕೋರಿನ ಪ್ರೊಸೆಸರ್ ತಂದಮೇಲೆ ಭಕ್ತಿ ಅಷ್ಟೇ ಇತ್ತು, ಭಯ ಹೆಚ್ಚಾಯಿತು.

೧. ಪರಿಚಯವಿಲ್ಲದ ಮೂವರು

ನನ್ನ ಹಳೆಯ ಕಂಪ್ಯೂಟರ್ ಒಂದು ಪತ್ರಿಕೆ ತೆರೆಯುವಷ್ಟರಲ್ಲಿ ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟು ಬರಬಹುದಿತ್ತು. ಜಯನಗರದಲ್ಲಿ ಕಂಪ್ಯೂಟರ್ ಜೋಡಿಸಿಕೊಡುವವನನ್ನು ಕೇಳಿದೆ. "ನಾಲ್ಕು ಕೋರ್‌ದು ಹಾಕಿಸ್ಕೊಳ್ಳಿ ಮೇಡಂ. ಒಂದು ಕೋರ್ ಅಂದ್ರೆ ಒಬ್ಬ ಅಡುಗೆ ಭಟ್ರು. ನಾಲ್ಕು ಅಂದ್ರೆ ನಾಲ್ಕು ಜನ. ಸಖತ್ ಸ್ಪೀಡು!" ಅಂದ.

ಹಾಕಿಸಿಕೊಂಡೆ. ಕೆಲಸ ಬೇಗ ಆಗುತ್ತಿದ್ದುದೇನೋ ನಿಜ. ಆದರೆ ಯಾವ ಕೋರ್ ಎಷ್ಟು ದುಡಿಯುತ್ತಿದೆಯೆಂದು ಪರದೆಯಲ್ಲಿ ನೋಡಿದರೆ ಒಂದರ ಗೆರೆ ಮಾತ್ರ ಏಳುತ್ತ ಬೀಳುತ್ತ ಓಡುತ್ತಿತ್ತು. ಉಳಿದ ಮೂರು ಹಾಯಾಗಿ ಮಲಗಿದ್ದವು. ಸಿಟ್ಟಿನಿಂದ ಫೋನ್ ಮಾಡಿದೆ.

"ಆ ಒಬ್ಬ ಭಟ್ರು ಚುರುಕಾಗಿದಾರಲ್ಲ ಮೇಡಂ, ಅದಕ್ಕೇ ಬೇಗ ಆಗ್ತಿದೆ. ನಿಮ್ಮದು ಹಳೇ ಸಾಫ್ಟ್‌ವೇರು. ಅದಕ್ಕೆ ಮಿಕ್ಕ ಮೂವರ ಪರಿಚಯಾನೇ ಇಲ್ಲ," ಅಂದ.

೨. ಫ್ಲಾಸ್ಕ್ ತಂದ ಮೇಷ್ಟ್ರು

ಹಳೆಯ ಕಂಪ್ಯೂಟರಿನ ನಿಧಾನದಲ್ಲಿ ಒಂದು ಉಪಕಾರವಿತ್ತು. ಮೊದಲ ಪ್ರತಿ ಬರುವವರೆಗೆ ಮನೆಯವರು ಬೆಂಚಿನ ಮೇಲೆ ಕೂತು ಬಿಟ್ಟುಹೋದ ನೆಂಟರನ್ನು ನೆನಪಿಸಿಕೊಳ್ಳುತ್ತಿದ್ದರು. "ಅಯ್ಯೋ, ತುಮಕೂರಿನ ಅತ್ತೆ!" ಎಂದು ಯಾರಾದರೂ ಕೂಗುತ್ತಿದ್ದರು, ನಾನು ಸೇರಿಸುತ್ತಿದ್ದೆ. ಎಷ್ಟೋ ಮನೆಗಳು ಹೀಗೆ ಉಳಿದವು.

ಅದು ಗೊತ್ತಿದ್ದ ಬನಶಂಕರಿಯ ನಿವೃತ್ತ ಮೇಷ್ಟ್ರು ಮೊಮ್ಮಗನ ಉಪನಯನದ ಪತ್ರಿಕೆಗೆ ಹೆಂಡತಿಯ ಜೊತೆ, ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಕೊಂಡೇ ಬಂದರು. ಮುಚ್ಚಳ ತಿರುಗಿಸುವಷ್ಟರಲ್ಲಿ ಪ್ರತಿ ಅವರ ಕೈಯಲ್ಲಿತ್ತು. ಮೇಷ್ಟ್ರು ಅದನ್ನು ಓದದೆ ನನಗೇ ವಾಪಸು ಕೊಟ್ಟರು.

"ನಾವಿನ್ನೂ ನನ್ನ ಕಡೆಯೋರನ್ನೇ ಮುಗಿಸಿಲ್ಲ. ಇವಳ ಕಡೆಯೋರು ಪೂರ್ತಿ ಬಾಕಿ. ಇನ್ನೊಂದ್ಸಲ ಮಾಡಿ, ಸ್ವಲ್ಪ ನಿಧಾನವಾಗಿ!"

೩. ನುಂಗಿಹಾಕಿದ ಹೆಸರು

ಇಟ್ಟಮಡುವಿನಿಂದ ಒಬ್ಬರು ಮಗಳ ಮದುವೆ ಪತ್ರಿಕೆಗೆ ಮಗಳನ್ನೇ ಕರೆದುಕೊಂಡು ಬಂದರು. ಅವಳು ಬರೆದು ತಂದ ಪಟ್ಟಿಯಲ್ಲಿ ಚಿಕ್ಕಪ್ಪನ ಹೆಸರಿತ್ತು. ಅಣ್ಣತಮ್ಮಂದಿರು ಮನೆ ಪಾಲಾದಾಗ ಮಾತು ಬಿಟ್ಟು ಎಂಟು ವರ್ಷವಾಗಿತ್ತಂತೆ. ಅಪ್ಪ ನನ್ನ ಪೆನ್ನನ್ನೇ ಇಸಿದುಕೊಂಡು ಆ ಹೆಸರನ್ನು ಹೊಡೆದುಹಾಕಿದರು.

"ಸ್ಕೂಲಿಗೆ ದಿನಾ ಬಿಟ್ಟಿದ್ದು ಚಿಕ್ಕಪ್ಪ. ಅವರಿಲ್ಲದೆ ನಾನು ಹಸೆಮಣೆ ಹತ್ತಲ್ಲ," ಅಂದಳು ಹುಡುಗಿ. ಅಪ್ಪ ಕೇಳಿಸದವರಂತೆ "ಪ್ರಿಂಟ್ ಮಾಡಿ ಮೇಡಂ," ಅಂದರು. ಹಳೆಯ ಕಂಪ್ಯೂಟರ್ ಆಗಿದ್ದರೆ ಅವರ ಸಿಟ್ಟು ಇಳಿಯಲು ಕಾಲು ಗಂಟೆಯಾದರೂ ಸಿಗುತ್ತಿತ್ತು. ಇದು ಅರೆ ನಿಮಿಷವನ್ನೂ ಕೊಡಲಿಲ್ಲ. ಪತ್ರಿಕೆಗಳು ಅಂದೇ ಮನೆ ಸೇರಿದವು. ಹುಡುಗಿ ಕಣ್ಣೊರೆಸಿಕೊಂಡು ಹೋದದ್ದು ನೋಡಿ ನನಗೆ ಆ ಕಂಪ್ಯೂಟರ್ ಡಬ್ಬವನ್ನು ರಸ್ತೆಗೆ ಎಸೆಯುವಷ್ಟು ಕೋಪ ಬಂತು.

ನಾಲ್ಕೇ ದಿನಕ್ಕೆ ಅವರು ಮತ್ತೆ ಬಂದರು. ಪಕ್ಕದಲ್ಲಿ ಅವರದೇ ಮೂಗಿನ ಇನ್ನೊಬ್ಬರು, ಹಿಂದೆ ಉಸಿರು ಬಿಗಿಹಿಡಿದ ಮಗಳು.

"ಏನ್ರೀ ಇದು? ನನ್ನ ತಮ್ಮನ ಹೆಸರೇ ಇಲ್ವಲ್ಲ!" ಎಂದು ಪತ್ರಿಕೆಯನ್ನು ಮೇಜಿನ ಮೇಲೆ ಕುಕ್ಕಿದರು. "ಹೊರಗೆ ನಾಲ್ಕು ಕೋರು ಅಂತ ಬೋರ್ಡು, ಜಂಬ ಬೇರೆ. ಹೆಸರು ನುಂಗಿಹಾಕ್ತಲ್ರೀ ನಿಮ್ ಕಂಪ್ಯೂಟರ್ರು!"

ಬಾಯಿ ಬೈಯುತ್ತಿತ್ತು, ಕಣ್ಣು ಕೈಮುಗಿಯುತ್ತಿತ್ತು. ಅವರೇ ಹೆಸರು ಹೊಡೆದುಹಾಕಿದ ಪಟ್ಟಿ ನನ್ನ ಡ್ರಾಯರಿನಲ್ಲಿತ್ತು. ತೆರೆದಿದ್ದ ಡ್ರಾಯರನ್ನು ಮೊಣಕಾಲಿನಿಂದ ಒಳಕ್ಕೆ ತಳ್ಳಿದೆ.

"ತಪ್ಪಾಯ್ತು ಸಾರ್. ಕೋರ್ ಜಾಸ್ತಿ ಇದ್ರೆ ಹೀಗೇ. ಒಂದು ಬರೆದದ್ದನ್ನ ಇನ್ನೊಂದು ಅಳಿಸುತ್ತೆ," ಅಂದೆ. ಜೀವನದಲ್ಲಿ ನಾನು ಅಷ್ಟು ದೊಡ್ಡ ಸುಳ್ಳು ಹೇಳಿರಲಿಲ್ಲ.

ಹೆಸರು ಸೇರಿಸಿ ಹೊಸ ಪ್ರತಿ ತೆಗೆದೆ. ಅಣ್ಣ ಅದನ್ನು ಬೆಳಕಿನಲ್ಲಿ ಓದಲು ಬಾಗಿಲಿಗೆ ಹೋದರು. ತಮ್ಮ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು: "ಮೇಡಂ, ನಾನು ಐದು ವರ್ಷದಿಂದ ಕಾಲೇಜಲ್ಲಿ ಕಂಪ್ಯೂಟರ್ ಪಾಠ ಮಾಡ್ತಿದ್ದೀನಿ. ಅಣ್ಣನಿಗೆ ಗೊತ್ತಿಲ್ಲ. ದಯವಿಟ್ಟು ಹೇಳ್ಬೇಡಿ."

ಅಣ್ಣ ಬಾಗಿಲಿಂದಲೇ, "ಏನೋ ಅದು, ಗುಸುಗುಸು?" ಅಂದರು.

ತಮ್ಮ ನೆಟ್ಟಗೆ ನಿಂತು ಗಂಭೀರವಾಗಿ ಹೇಳಿದರು: "ಏನಿಲ್ಲಣ್ಣ. ಎರಡು ಕೋರ್ ತೆಗೆಸಿಬಿಡಿ ಅಂತ ಹೇಳ್ದೆ."