ಮೂಲ ಖೋಕಾ ಸಮೇತ

ವಸ್ತು ಇವತ್ತಲ್ಲ ನಾಳೆ ಕೆಡುತ್ತದೆ. ಅದು ಬಂದ ಖೋಕಾ, ಅಂದರೆ ಪೆಟ್ಟಿಗೆ, ಕೆಡುವುದಿಲ್ಲ. ಇದು ನನ್ನ ಸಿದ್ಧಾಂತ. ಪುಣೆಯಲ್ಲಿ ಸಂಸಾರ ಹೂಡಿದಂದಿನಿಂದ ಕೊಂಡ ಮಿಕ್ಸರ್, ಇಸ್ತ್ರಿ, ಫ್ಯಾನು, ಕಡೆಗೆ ಕಲರ್ ಟಿ.ವಿ. ಎಲ್ಲದರ ರಟ್ಟಿನ ಖೋಕಾಗಳನ್ನೂ ಥರ್ಮೋಕೋಲ್ ಸಮೇತ ಕಾಪಾಡಿಕೊಂಡು ಬಂದಿದ್ದೆ. ನಾಳೆ ಶಿವಾಜಿನಗರದ ನಮ್ಮ ಕಚೇರಿಯಿಂದ ವರ್ಗವಾದರೆ ಟಿ.ವಿ.ಯನ್ನು ಯಾವುದರಲ್ಲಿ ಒಯ್ಯುವುದು? ಮಾರಬೇಕೆಂದರೆ ಮೂಲ ಖೋಕಾ ಇಲ್ಲದ ಟಿ.ವಿ.ಯನ್ನು ಯಾರು ಮೂಸಿ ನೋಡುತ್ತಾರೆ? ಇಷ್ಟು ವರ್ಷಗಳಲ್ಲಿ ವರ್ಗವೂ ಆಗಲಿಲ್ಲ, ಮಾರಿದ್ದೂ ಇಲ್ಲ. ಅದು ಬೇರೆ ಮಾತು.

ಅಟ್ಟ ತುಂಬಿದ ಮೇಲೆ ಖೋಕಾಗಳು ಬಾಲ್ಕನಿಗೆ ಇಳಿದವು. ಸೊಟ್ಟಗಾಗಬಾರದೆಂದು ಒಳಗೆ ಹಳೇ ಪೇಪರು, ದೀಪಾವಳಿ ವಿಶೇಷಾಂಕಗಳನ್ನು ಗಿಡಿದು, ಟೇಪು ಹಚ್ಚಿ, ಮೇಲೆ ‘ನಾಜೂಕು’ ಎಂದು ದಪ್ಪಗೆ ಬರೆದೆ. ಅಂಗಡಿಯಿಂದ ಈಗಷ್ಟೇ ಬಂದಂತೆ ಕಾಣುತ್ತಿದ್ದವು. ನಿಜವಾದ ಟಿ.ವಿ. ಮಾತ್ರ ಕಸೂತಿಯ ಬಟ್ಟೆ ಹೊದ್ದು, ತಲೆಯ ಮೇಲೆ ವೆಂಕಟರಮಣನ ಫೋಟೋ ಹೊತ್ತು ಮೂಲೆಯಲ್ಲಿತ್ತು.

ಹೆಂಡತಿ ಸುಮಿತ್ರಾಳ ಹೊಲಿಗೆ ಮಷೀನು ಬಾಗಲಕೋಟೆಯ ತವರಿನಲ್ಲೇ ಉಳಿದಿತ್ತು. ಅದು ಬಂದರೆ ಇಡಲು ಬಾಲ್ಕನಿಯೊಂದೇ ಜಾಗ.

“ಖಾಲಿ ಖೋಕಾಕ್ಕ ಮನ್ಯಾಗ ಜಾಗಾ ಅದ, ನನ್ನ ಮಷೀನಿಗೆ ಇಲ್ಲೇನ್ರಿ?” ಎಂದಳು.

“ಖಾಲಿ ಅನಬ್ಯಾಡ. ಅವು ಆಸ್ತಿ.”

“ಹಂಗಾರ ಆಸ್ತಿ ಕೂಡನ ಸಂಸಾರ ಮಾಡ್ರಿ. ದೀಪಾವಳಿಯೊಳಗ ಬಾಲ್ಕನಿ ಬರಿದಾಗ್ಲಿಲ್ಲಂದ್ರ, ಮಷೀನ್ ಎಲ್ಲಿ ಅದನೋ ನಾನೂ ಅಲ್ಲೇ ಹೋಗಿ ಇರ್ತೀನಿ.”

ದನಿ ತಗ್ಗಿತ್ತು. ಅವಳ ದನಿ ತಗ್ಗಿದಾಗಲೇ ನನಗೆ ಭಯ. ಭಾನುವಾರ ಅವಳನ್ನು ಸಮಾಧಾನಪಡಿಸಲು ಲೋಕಲ್ ರೈಲು ಹತ್ತಿಸಿ ಲೋಣಾವಳಾಕ್ಕೆ ಕರೆದೊಯ್ದೆ. ಮಳೆಯಲ್ಲಿ ನೆನೆದೆವು, ಚಿಕ್ಕಿ ತಿಂದೆವು. ಸಂಜೆ ನಗುನಗುತ್ತಾ ಮೂರನೇ ಮಹಡಿ ಹತ್ತಿದರೆ ಬಾಗಿಲ ಬೀಗ ಮುರಿದಿತ್ತು!

ಸುಮಿತ್ರಾ ಕಪಾಟಿಗೆ ಓಡಿದಳು. ಬಂಗಾರ ಇತ್ತು. ಟಿ.ವಿ. ಇತ್ತು, ವೆಂಕಟರಮಣನೂ ಇದ್ದ. ನಾನು ಬಾಲ್ಕನಿಗೆ ಓಡಿದೆ.

“ಹೋತು! ಎಲ್ಲಾ ಹೋತು!”

“ಏನ್ ಹೋತ್ರಿ?”

“ಖೋಕಾ!”

ಅವಳು ಅಲ್ಲೇ ಕೂತು ಫೋಟೋಗೆ ಕೈಮುಗಿದಳು. “ಯಾವ ಪುಣ್ಯಾತ್ಮ ಬಂದಿದ್ನೋ, ತಣ್ಣಗಿರಲಿ.”

ಎದುರು ಮನೆಯ ಜೋಶಿ ಕಾಕಾ ಬಂದರು. ಮಧ್ಯಾಹ್ನ ಒಂದರಿಂದ ನಾಲ್ಕು ಪುಣೆ ಮಲಗುವ ಹೊತ್ತು. ಸಪ್ಪಳಕ್ಕೆ ನಿದ್ದೆಗೆಟ್ಟು, ಬಯ್ಯಲೆಂದು ಹೊರಬಂದ ಕಾಕಾ ನೋಡಿದ್ದು ಮೆಟ್ಟಿಲ ಮೇಲೆ ಇಬ್ಬರು ಆಳುಗಳು ಮತ್ತು ನನ್ನ ಖೋಕಾಗಳು. “ಕಡೆಗೂ ನಿಮಗೆ ಬುದ್ಧಿ ಬಂತು ಅಂತ ಖುಷಿಯಾಯಿತು,” ಎಂದು ಮರಾಠಿಯಲ್ಲಿ ಹೇಳಿದರು, “ಟಿ.ವಿ.ದು ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ನಾನೇ ಒಂದು ಕೈ ಹಿಡಿದೆ.”

ಪೊಲೀಸ್ ಚೌಕಿಗೆ ಹೋದೆ. ಹವಾಲ್ದಾರರು ಪೆನ್ನು ತೆರೆದರು.

“ಕಾಯ್ ಗೇಲಂ?” ಏನು ಹೋಯಿತು?

“ಖೋಕಾ.”

“ಒಳಗೇನಿತ್ತು?”

“ಏನೂ ಇರಲಿಲ್ಲ.”

ಹವಾಲ್ದಾರರು ಪೆನ್ನು ಮುಚ್ಚಿದರು. ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಮನೆಯಿಂದ ಯಾರಾದರೂ ಜೊತೆಗೆ ಬಂದಿದ್ದಾರೆಯೇ ಎಂದು ಬಹಳ ಮೃದುವಾಗಿ ಕೇಳಿದರು.

ಎರಡು ದಿನ ನನಗೆ ಊಟ ರುಚಿಸಲಿಲ್ಲ. ಮೂರನೆಯ ದಿನ ಮಾರ್ಕೆಟ್ ಯಾರ್ಡ್‌ಗೆ ಉಳ್ಳಾಗಡ್ಡಿ ತರಲು ಹೋಗಿದ್ದ ಜೋಶಿ ಕಾಕಾ ಶುಭವಾರ್ತೆ ತಂದರು: ಯಾರ್ಡಿನ ಗೋಡೆಯ ಹಿಂದೆ ನನ್ನ ಆಸ್ತಿ ಬಿದ್ದಿದೆ. ರಿಕ್ಷಾ ಹಿಡಿದು ಧಾವಿಸಿದೆ. ಕಳ್ಳರು ಖೋಕಾಗಳನ್ನು ಬಿಚ್ಚಿರಲಿಲ್ಲ, ಬಗೆದಿದ್ದರು. ಥರ್ಮೋಕೋಲಿನ ಮೇಲೆ ಚಪ್ಪಲಿಯ ಗುರುತು. ಆಡೊಂದು ದೀಪಾವಳಿ ವಿಶೇಷಾಂಕವನ್ನು ಕಥಾವಿಭಾಗದವರೆಗೆ ಮುಗಿಸಿತ್ತು. ಉಳಿದದ್ದರಲ್ಲಿ ಟಿ.ವಿ. ಖೋಕಾ ಒಂದೇ ಹೊರುವಂತಿತ್ತು. ಅದನ್ನು ತಲೆಯ ಮೇಲಿಟ್ಟುಕೊಂಡು, ಇಡೀ ಬಿಲ್ಡಿಂಗು ನೋಡುತ್ತಿದ್ದಂತೆ ಮನೆಗೆ ಏರಿದೆ.

ಬಾಲ್ಕನಿಯಿಂದ ಟಕಟಕ ಸದ್ದು. ಕಳುವಾದ ಮರುದಿನವೇ ಸುಮಿತ್ರಾ ತವರಿಗೆ ಫೋನು ಹಚ್ಚಿದ್ದಳು. ಅವಳ ತಮ್ಮ ರಾತ್ರಿ ಬಸ್ಸಿನಲ್ಲಿ ಹೊರಟು, ನಾನು ಹೊರಗಿದ್ದಾಗ ಮಷೀನು ತಂದು ಇಳಿಸಿದ್ದ. ಹೊಲಿಯುತ್ತ ಕೂತ ಅವಳ ಮುಖ ಅಷ್ಟು ಅರಳಿದ್ದನ್ನು ಲೋಣಾವಳಾದಲ್ಲೂ ನಾನು ಕಂಡಿರಲಿಲ್ಲ. ನನಗೆ ನಾಚಿಕೆಯಾಯಿತು.

“ಛಲೋ ಆತು, ತರ್ರಿ ಇಲ್ಲೆ,” ಎಂದು ಅವಳು ಖೋಕಾ ಇಸಿದುಕೊಂಡು, ಕಾಲಿನಿಂದ ಒತ್ತಿ ಚಪ್ಪಟೆ ಮಾಡಿ ಮಷೀನಿನ ಕೆಳಗೆ ಹಾಸಿದಳು. “ಎಣ್ಣಿ ಫರ್ಶಿ ಮ್ಯಾಲ ಸೋರ್ಲಿಕತ್ತಿತ್ತು.”

ಈಗ ಯೋಚಿಸುತ್ತೇನೆ: ನನ್ನ ಖೋಕಾಗಳಿಗೆ ನನ್ನಷ್ಟೇ ಬೆಲೆ ಕಟ್ಟಿದವರು ಲೋಕದಲ್ಲಿ ಆ ಕಳ್ಳರಿಬ್ಬರೇ. ಪಾಪ, ಅವರಿಗಾದರೂ ಒಳಗೇನಿದೆ ಎಂದು ಗೊತ್ತಿರಲಿಲ್ಲ. ತುಂಬಿದವನು ನಾನೇ.