ನೌಕರಿ ಹೋಯಿತು, ಕಾರು ಬಂತು

ಪ್ರೆಸ್ಸಿನಲ್ಲಿ ಇಪ್ಪತ್ತಾರು ವರ್ಷ ದುಡಿದೆ. ಆಗ ನನ್ನನ್ನು ನೋಡಿ ಯಾರೂ ನಗಲಿಲ್ಲ. ನೌಕರಿ ಹೋಗಿ ಮನೆ ಮುಂದೆ ಒಂದು ಹಳೆಯ ಕಾರು ಬಂದು ನಿಂತದ್ದೇ ತಡ, ವಾರಕ್ಕೊಂದಾದರೂ ನಗುವ ಸಂಗತಿ ನಡೆಯುತ್ತಲೇ ಇದೆ. ನಗಲು ಬಂದವರಿಗೆ ಚಹಾ ಮಾಡಿಕೊಡುವ ಕೆಲಸವೂ ನನ್ನದೇ.

ನಾನು ಗದಗಿನ ಒಂದು ಪ್ರೆಸ್ಸಿನಲ್ಲಿ ಪುಸ್ತಕ ಬೈಂಡಿಂಗ್ ಮಾಡುತ್ತಿದ್ದವಳು. ಮೂರನೇ ಇಯತ್ತೆಗೆ ಶಾಲೆ ಬಿಡಿಸಿದರು. ಓದಲು ಕಲಿತದ್ದು ಅಚ್ಚಾದ ಹಾಳೆಗಳನ್ನು ಮಡಚುತ್ತ ಮಡಚುತ್ತ. ಹದಿನಾರು ಪುಟ ಮಡಚಿದರೆ ಒಂದು ಕಟ್ಟು. ಕಥೆ ಎಲ್ಲಿಗೇ ಬಂದಿರಲಿ, ಹದಿನಾರನೇ ಪುಟಕ್ಕೆ ನಿಲ್ಲುತ್ತಿತ್ತು. ಮುಂದಿನ ಹಾಳೆ ಮಷಿನ್ನಿನಿಂದ ಇಳಿಯುವವರೆಗೆ, ಒಮ್ಮೊಮ್ಮೆ ಎರಡು ದಿನ, ಕಥೆಯೊಳಗಿನ ಹುಡುಗಿ ಬಾವಿಯ ದಂಡೆಯ ಮೇಲೇ ನಿಂತಿರುತ್ತಿದ್ದಳು. ಹಾಗೆ ಸಾವಿರಾರು ಪುಸ್ತಕ ಹೊಲಿದೆ. ಎಲ್ಲವೂ ಬೇರೆಯವರ ಮನೆಗೆ ಹೋದವು.

ದೀಪಾವಳಿ ಕಳೆದ ಮೇಲೆ ಮಾಲಕರು ಮಷಿನ್ ಮಾರಿ ಪ್ರೆಸ್ ಮುಚ್ಚಿದರು. ನಾನು ಕೂಡಿಟ್ಟ ದುಡ್ಡು ತೆಗೆದು ಕಾರು ಕೊಂಡೆ. ಯಾಕೆ ಅಂತ ಕೇಳಬೇಡಿ. ನಾನಿರುವ ಬೆಟಗೇರಿ ಪೂರ್ತಿ ಕೇಳಿಯಾಗಿದೆ.

ಲಾರಿ ಮೇಲಿನ ಸವಾರಿ

ಕಾರು ಇದ್ದದ್ದು ಲಕ್ಷ್ಮೇಶ್ವರದಲ್ಲಿ, ನಿವೃತ್ತಿಯಾದ ಒಬ್ಬ ದನದ ಡಾಕ್ಟರ ಮನೆಯ ಹಿತ್ತಲಿನಲ್ಲಿ. ದುಂಡು ಮೂತಿ, ಗುಂಡು ಕಣ್ಣು. ಅದನ್ನು ಮಾಡುತ್ತಿದ್ದ ಕಂಪನಿ ಎಂದೋ ಮುಚ್ಚಿಹೋಗಿದೆ. ನನಗೆ ಅದರ ಮೇಲೆ ಅಲ್ಲೇ ಮನಸ್ಸಾಯಿತು. ಇಬ್ಬರದೂ ಒಂದೇ ಕಥೆ.

ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬಾಡಿಗಿಗೆ ಬಿಡಾಕ ಬೇಕೇನ್ರೀ?"

"ಅಲ್ಲರಿ."

"ಮನ್ಯಾಗ ಓಡಸವ್ರು ಅದಾರ?"

"ನಮ್ಮನಿಯವ್ರು ತೀರಿಕೊಂಡು ಹತ್ತು ವರ್ಷಾತು. ಮಗಳನ್ನ ಶಿರಹಟ್ಟಿಗೆ ಕೊಟ್ಟೀನಿ. ನಾನ ಓಡಸ್ತೀನಿ."

"ಬರತೈತಿ?"

"ಇಲ್ರಿ."

"ಎಲ್ಲಿ ನೌಕರಿ?"

"ಹೋದ ತಿಂಗಳ ಹೋತು."

ಡಾಕ್ಟರು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. "ಬಾ ಇಲ್ಲಿ, ನೋಡು. ನಾ ಒಬ್ಬನ ಹುಚ್ಚ ಅಂತಿದ್ಯಲ್ಲ!"

ಕಾರು ಚಾಲೂ ಆಗಲಿಲ್ಲ. ಲಾರಿ ಮೇಲೆ ಹೇರಿಸಿಕೊಂಡು ಬೆಟಗೇರಿಗೆ ತಂದೆ. ಇಳಿಸುವಾಗ ಓಣಿಯೆಲ್ಲ ನೆರೆದಿತ್ತು. ನನ್ನ ಎದುರು ಮನೆಯ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿ ಅಂದಳು: "ಗಾಡಿ ಮಂದೀನ ಹೊರತೈತಿ ಅಂತ ತಿಳಕೊಂಡಿದ್ನೆವಾ. ಗಾಡೀನ ಹೊರಾಕ ಮತ್ತೊಂದು ಗಾಡಿ ಬೇಕು ಅನ್ನೂದು ಇವತ್ತ ಗೊತ್ತಾತು."

ಅಣ್ಣನ ಕೂಡ ಮಾತು

ಮೂರನೆಯ ದಿನ ಅಣ್ಣ ಬಂದ. ಅವನಿಗೆ ಮುಂಡರಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇದೆ. ಡೋಣಿಯ ಆಚೆ, ಕಪ್ಪತಗುಡ್ಡದ ಮಗ್ಗುಲಿಗಿರುವ ನಮ್ಮ ತವರೂರಿನ ಮನೆಗೆ ಅವನೇ ಈಗ ಯಜಮಾನ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ಏನವಾ ಇದು?"

"ಕಾರು."

"ಕಾರು ಅನ್ನೂದು ಕಾಣತೈತಿ. ನೌಕರಿ ಇದ್ದಾಗ ಒಂದು ಸೈಕಲ್ ತಗೊಳ್ಳಲಿಲ್ಲ, ಈಗ ಕಾರು?"

"ಆಗ ಓಡಸಾಕ ವ್ಯಾಳೇ ಇರಲಿಲ್ಲಣ್ಣಾ."

"ಚ್ಯಾಷ್ಟಿ ಸಾಕು. ಮಾರು ಇದನ್ನ, ಬಂದಷ್ಟು ಬರಲಿ. ನನ್ನ ಅಂಗಡ್ಯಾಗ ಬಂದು ಗಲ್ಲಾದ ಮುಂದ ಕುಂಡ್ರು. ಎರಡು ಹೊತ್ತು ಉಂಡು ಸುಮ್ನಿರು."

ಅಂತಃಕರಣದಿಂದಲೇ ಅಂದ, ಗೊತ್ತು. ಆದರೆ ಇಪ್ಪತ್ತೊಂದನೇ ವಯಸ್ಸಿನಿಂದ ನನ್ನ ರೊಟ್ಟಿ ನಾನು ಗಳಿಸಿ ತಿಂದವಳು. ಅಣ್ಣನ ಗಲ್ಲಾದ ಮುಂದೆ ಕೂತರೆ ಅಲ್ಲಿಂದ ಏಳುವುದು ಯಾವಾಗ? ಬಾಯಿಗೆ ಬಂದದ್ದು ಬಂದುಬಿಟ್ಟಿತು.

"ಕಾರಹುಣ್ಣಿವಿ ದಿನ ಇದನ್ನ ನಾನ ಓಡಿಸಿಕೊಂಡು ಊರಿಗೆ ಬರತೀನಿ. ಹೊತ್ತು ಮುಳುಗೂದ್ರಾಗ ಬರಲಿಲ್ಲಂದ್ರ ನೀನ ಗುಜರಿಗೆ ಹಾಕು. ನಾ ಅಂಗಡ್ಯಾಗ ಬಂದು ಕುಂಡ್ರತೀನಿ."

ಅಣ್ಣ ಕಾರನ್ನು ಒಂದು ಸುತ್ತು ಹಾಕಿ ಬಂದ. "ಇದ ಬರೂ ಕಾರಹುಣ್ಣಿವಿ ಏನು?" ಅಂತ ಕೇಳಿದ.

ಪುಸ್ತಕ ಓದದ ಗಾಡಿ

ಜೂನಿನ ಕಾರಹುಣ್ಣಿಮೆಗೆ ಇನ್ನೂ ಆರು ತಿಂಗಳು ಕೈಯಲ್ಲಿತ್ತು. ಬೆಟಗೇರಿಯಲ್ಲಿ ಒಬ್ಬ ಮುದುಕ ಮಿಸ್ತ್ರಿ ಇದ್ದಾನೆ. ಈ ಕಾಲದ ಗಾಡಿಗಳ ತಂಟೆಗೆ ಹೋಗುವುದಿಲ್ಲ, ಹಳೆಯವು ಅಂದರೆ ಪ್ರಾಣ. ಅವನಿಗೆ ಅಕ್ಷರ ಬಾರದು. ಕಿವಿ ಇಟ್ಟು ಕೇಳಿ ಇಂಜಿನ್ನಿನ ರೋಗ ಹೇಳುತ್ತಾನೆ. ನನಗೋ ಪುಸ್ತಕವಿಲ್ಲದೆ ಯಾವುದೂ ತಲೆಗೆ ಹತ್ತದು. ಹಳೇ ಪುಸ್ತಕದ ಅಂಗಡಿಯಲ್ಲಿ ಮೋಟಾರು ರಿಪೇರಿಯ ಒಂದು ಕನ್ನಡ ಪುಸ್ತಕ ಹುಡುಕಿ ತಂದು, ಹೊಲಿಗೆ ಬಿಚ್ಚಿಹೋಗಿದ್ದದ್ದನ್ನು ಮತ್ತೆ ಹೊಲಿದು, ರಟ್ಟು ಹಾಕಿ, ಎರಡು ಸಲ ಓದಿ ಅವನ ಮುಂದೆ ಹೋಗಿ ಕೂತೆ.

ಅವನು ಕಾರಿನ ಹೊಟ್ಟೆಯೊಳಗೆ ಕೈ ಹಾಕಿದ್ದ. ನಾನು ಓದುತ್ತಿದ್ದೆ.

"ಮಿಸ್ತ್ರಿ, ಅದನ್ನ ಬಿಚ್ಚೂಕಿಂತ ಮದಲ ಬ್ಯಾಟರಿ ತಂತಿ ತಗೀಬೇಕಂತ."

"ಹೂಂ."

"ಎಡಕ್ಕ ತಿರುವಬೇಕಂತ."

"ಹೂಂ."

"ನೀ ಬಲಕ್ಕ ತಿರವಾಕತ್ತೀಯಲ್ಲ, ಪುಸ್ತಕದಾಗ ಹಂಗಿಲ್ಲ."

ಮಿಸ್ತ್ರಿ ತಲೆ ಹೊರಗೆ ತೆಗೆದ. ಮುಖದ ತುಂಬ ಮಸಿ. "ಅಕ್ಕಾರ, ನೀವು ಓದೀರಿ ಖರೆ. ಈ ಗಾಡಿ ಓದಿಲ್ರಿ."

ನಾನೂ ಬಿಡಲಿಲ್ಲ. ಎಡಕ್ಕೇ ತಿರುವಿಸಿದೆ. ಕಾರು ಚಾಲೂ ಆಯಿತು. ಆಮೇಲೆ ಮೂರು ದಿನ ಬಂದ್ ಆಗಲಿಲ್ಲ ಅಂತ ಮಿಸ್ತ್ರಿ ಊರ ತುಂಬ ಹೇಳಿಕೊಂಡು ತಿರುಗಿದ. ಸುಳ್ಳು. ಒಂದೇ ತಾಸು.

ಬೀಗತಿಯ ಸೆರಗು

ಇಂಜಿನ್ ಅವನದು, ಒಳಗಿನ ಅಲಂಕಾರ ನನ್ನದು ಅಂತ ನಾವಿಬ್ಬರೂ ಕೆಲಸ ಹಂಚಿಕೊಂಡೆವು. ಸೀಟಿಗೆಲ್ಲ ಬೈಂಡಿಂಗ್ ಬಟ್ಟೆ ಹಾಕಿ ದಬ್ಬಣದಿಂದ ಹೊಲಿದೆ. ಮೂಲೆಗೆ ಕೆಂಪು ಪಟ್ಟಿಯನ್ನೂ ಕೊಟ್ಟೆ. ಮೇಲಿನ ಚಾವಣಿಯ ಬಟ್ಟೆ ಜೋತುಬಿದ್ದಿತ್ತು. ಅದಕ್ಕೆ ಏನು ಹಚ್ಚುತ್ತಾರೆ ಅಂತ ಪುಸ್ತಕದಲ್ಲಿರಲಿಲ್ಲ. ಇಪ್ಪತ್ತಾರು ವರ್ಷ ನಾನು ಏನು ಹಚ್ಚಿದ್ದೆನೋ ಅದನ್ನೇ ಹಚ್ಚಿದೆ: ಮೈದಾಹಿಟ್ಟು ಕುದಿಸಿದ ಅಂಟು. ಎಷ್ಟು ಚಂದ ಕೂತಿತೆಂದರೆ ಮಿಸ್ತ್ರಿಯೇ ಕೈಯಾಡಿಸಿ ನೋಡಿದ.

ಬೇಸಿಗೆಯಲ್ಲಿ ಮಗಳ ಮನೆಗೆ ಶಿರಹಟ್ಟಿಗೆ ಹೋದೆ. ನಾನಿನ್ನೂ ಕಲಿಯುತ್ತಿದ್ದೆ, ಓಡಿಸಿದವನು ಮಿಸ್ತ್ರಿ. ಮಗಳ ಅತ್ತೆ, ಅಂದರೆ ನನ್ನ ಬೀಗತಿ, ದೊಡ್ಡ ಠೀವಿಯ ಹೆಣ್ಣುಮಗಳು. ನನ್ನ ಪ್ರೆಸ್ಸಿನ ಕೆಲಸವನ್ನೂ ಅವರು "ಕಾಗದ ಹಚ್ಚೂ ಕೆಲಸ" ಅನ್ನುತ್ತಿದ್ದರು. "ಬರ್ರಿ ಬೀಗರ, ಒಂದು ಸುತ್ತು ಹೋಗಿ ಬರೋಣು" ಅಂದೆ. ಹೊಸ ಸೀರೆ ಉಟ್ಟು, ತಲೆಗೆ ಹೂ ಮುಡಿದು ಹಿಂದಿನ ಸೀಟಿನಲ್ಲಿ ಕೂತರು.

ಏಪ್ರಿಲ್ ತಿಂಗಳ ಬಿಸಿಲು. ಊರ ನಡುವಿನ ಬಜಾರಿಗೆ ಬರುವ ಹೊತ್ತಿಗೆ ನನ್ನ ಅಂಟು ಒಣಗಿ ಪುಡಿಯಾಗಿತ್ತು. ಒಂದು ಹಂಪ್ ಬಂತು. ಚಾವಣಿಯ ಬಟ್ಟೆ ಪೂರ್ತಿ ಕಳಚಿ ಬೀಗತಿಯ ತಲೆಯ ಮೇಲೆ ಬಿತ್ತು. ಮೇಲೆ ಮೈದಾಹಿಟ್ಟಿನ ಪುಡಿ. ಬಜಾರಿನ ಮಂದಿ ಬಗ್ಗಿ ಬಗ್ಗಿ ಒಳಗೆ ನೋಡಿದರು.

ನಾನು ಹಿಂದೆ ತಿರುಗಿದೆ. ಬಟ್ಟೆಯ ಒಳಗಿನಿಂದ ಬೀಗತಿಯ ದನಿ ಬಂತು: "ಬೀಗರ, ನಮ್ಮತ್ತಿ ಮೂವತ್ತು ವರ್ಷ ತಲಿ ಮ್ಯಾಲ ಸೆರಗ ಹೊತ್ತಕೋ ಅಂತ ಬಡಕೊಂಡ್ಲು. ನಾ ಕೇಳಲಿಲ್ಲ. ನೀವು ಒಂದ ಹಂಪಿಗೆ ಹೊದಿಸಿದ್ರಿ ನೋಡ್ರಿ."

ಮೊದಲ ಗಳಿಕೆ

ಓಡಿಸಲು ಕಲಿತದ್ದು ಹೊಂಬಳದ ರಸ್ತೆಯಲ್ಲಿ. ಮಿಸ್ತ್ರಿ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಹೇಳಿಕೊಡುತ್ತಿದ್ದ. ಕಣ್ಣು ಯಾಕೆ ಮುಚ್ಚುತ್ತೀ ಅಂದರೆ, "ಇಂಜಿನ್ ಕೇಳಾಕತ್ತೀನ್ರಿ" ಅನ್ನುತ್ತಿದ್ದ. ತುಟಿ ಮಾತ್ರ ಏನೋ ಪ್ರಾರ್ಥಿಸುತ್ತಿತ್ತು.

ಒಂದು ದಿನ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮುದುಕಿ ಕೈ ಅಡ್ಡ ಹಿಡಿದಳು. ಬಿಟ್ಟು ಹೋಗಲಾಗದೆ ನಿಲ್ಲಿಸಿದೆ. ಬುಟ್ಟಿ ಸಮೇತ ಹತ್ತಿ ಕೂತೇಬಿಟ್ಟಳು.

"ಯಮ್ಮಾ, ಇದು ಬಾಡಿಗಿ ಗಾಡಿ ಅಲ್ಲ."

"ಅಲ್ಲಾ? ಮತ್ತ ಇಷ್ಟು ಸಾವಕಾಶ ಯಾಕ ಬರಾಕತ್ತಿದ್ದಿ? ಮಂದೀನ ಹತ್ತಿಸಿಕೊಳ್ಳಾಕ ಅಂತ ತಿಳಕೊಂಡ್ನಿ."

"ನಾ ಇನ್ನಾ ಕಲ್ಯಾಕತ್ತೀನಿ."

ಮುದುಕಿ ಗಾಬರಿಯಾಗಲಿಲ್ಲ. "ಕಲಿ, ಕಲಿ. ನಂಗೇನೂ ಗಡಿಬಿಡಿ ಇಲ್ಲ" ಅಂದಳು. ಹೊಂಬಳ ಬರುವವರೆಗೂ "ಎಮ್ಮಿ ಬಂತು", "ಟ್ರ್ಯಾಕ್ಟರ್ ಬಂತು" ಅಂತ ಹೇಳುತ್ತ ಬಂದಳು. ಇಳಿಯುವಾಗ ದುಡ್ಡು ಕೊಡಲು ಬಂದಳು. ನಾನು ಒಲ್ಲೆ ಅಂದೆ. ಬುಟ್ಟಿಯಿಂದ ಎರಡು ಬೊಗಸೆ ಶೇಂಗಾ ತೆಗೆದು ಸೀಟಿನ ಮೇಲೆ ಸುರಿದು ಹೋದಳು. ನೌಕರಿ ಹೋದ ಮೇಲೆ ನನ್ನ ಮೊದಲ ಗಳಿಕೆ ಅದು. ಮಿಸ್ತ್ರಿ ಕಣ್ಣು ಬಿಟ್ಟು ಅರ್ಧ ಶೇಂಗಾ ತನ್ನ ಕಡೆ ಎಳೆದುಕೊಂಡ. "ಕಲಿಸಿದ್ದು ಯಾರು ಮತ್ತ?" ಅಂದ.

ಕಾರಹುಣ್ಣಿಮೆ

ಲೈಸೆನ್ಸ್ ಸಿಕ್ಕಿತು. ಕಾರಹುಣ್ಣಿಮೆಯೂ ಬಂತು. ಮಾತು ಕೊಟ್ಟವಳು ನಾನು, ಆದ್ದರಿಂದ ಮಿಸ್ತ್ರಿಯನ್ನು ಕರೆಯಲಿಲ್ಲ. ಎದುರು ಮನೆಯ ಅಕ್ಕ ಮಾತ್ರ, "ನೀ ದಾರ್ಯಾಗ ನಿಂತರ ನೋಡಾಕ ಒಬ್ಬರು ಬೇಕಲ್ಲ" ಅಂತ ಹೋಳಿಗೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹತ್ತಿದಳು. ಡೋಣಿಯವರೆಗೆ ಎರಡು ಸಲ ಇಂಜಿನ್ ಕಾದು ನೀರು ಕುಡಿಯಿತು. ಡೋಣಿ ದಾಟುವಾಗ ಹೊತ್ತು ಇಳಿಯತೊಡಗಿತ್ತು. ನಮ್ಮೂರಿನ ಇಳಿಜಾರಿಗೆ ಬಂದು ಬ್ರೇಕ್ ಒತ್ತಿದೆ. ಕಾಲು ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯಿತು. ಗಾಡಿ ಮಾತ್ರ ನಿಲ್ಲಲಿಲ್ಲ.

ಗೇರ್ ಇಳಿಸಿದೆ, ಪುಸ್ತಕದಲ್ಲಿ ಹಾಗೇ ಇತ್ತು. ವೇಗ ಎತ್ತಿನ ಓಟದಷ್ಟಕ್ಕೆ ಬಂತು, ಅದಕ್ಕಿಂತ ಕಡಿಮೆಯಾಗಲೊಲ್ಲದು. ಆಗ ನೆನಪಾಯಿತು: ಇದು ಕರಿ ಹರಿಯುವ ಹೊತ್ತು.

ನಮ್ಮ ಕಡೆ ಕಾರಹುಣ್ಣಿಮೆಯ ಸಂಜೆ ಊರ ಅಗಸಿಯ ಬಾಗಿಲಿಗೆ ಬೇವಿನ ಸೊಪ್ಪು, ಕೊಬ್ಬರಿ ಕಟ್ಟಿದ ಹಗ್ಗವನ್ನು ಅಡ್ಡ ಹಿಡಿಯುತ್ತಾರೆ. ಅದೇ ಕರಿ. ಬಣ್ಣ ಬಳಿದ ಎತ್ತುಗಳನ್ನು ಊರ ಹೊರಗಿನಿಂದ ಓಡಿಸುತ್ತಾರೆ. ಯಾವ ಎತ್ತು ಮೊದಲು ಬಂದು ಹಗ್ಗ ಹರಿಯುತ್ತದೋ ಅದಕ್ಕೆ ಮೆರವಣಿಗೆ. ಬಿಳಿ ಎತ್ತು ಹರಿದರೆ ಹಿಂಗಾರಿ ಬೆಳೆ ಚಲೋ, ಕೆಂಪು ಎತ್ತು ಹರಿದರೆ ಮುಂಗಾರಿ.

ಎತ್ತುಗಳನ್ನು ಹಿಡಿದು ನಿಂತವರ ನಡುವೆಯೇ ನನ್ನ ದಾರಿ. ಹಾರ್ನ್ ಒತ್ತಿದೆ. ಎತ್ತುಗಳು ಅದನ್ನೇ ಅಪ್ಪಣೆ ಅಂದುಕೊಂಡು ಕಿತ್ತುಕೊಂಡು ಓಡಿದವು. ಎಡಕ್ಕೆ ಒಂದು ಬಿಳಿ ಎತ್ತು, ಬಲಕ್ಕೆ ಒಂದು ಕೆಂದೆತ್ತು, ನಡುವೆ ನಾವು. "ಸರೀರಿ, ಸರೀರಿ!" ಅಂತ ನಾನು ಒದರುತ್ತಿದ್ದೆ. ಮಂದಿ ಎರಡೂ ದಂಡೆಗೆ ಸರಿದು ಸಿಳ್ಳೆ ಹಾಕತೊಡಗಿದರು. ಕಣ್ಣು ಮುಚ್ಚಿದ್ದ ಅಕ್ಕ ಒಂದು ಕಣ್ಣು ತೆರೆದು ಬಿಳಿ ಎತ್ತನ್ನು ನೋಡಿದಳು. "ಹಿಂದ ಬಿತ್ತು! ಹೊಡಿಯವಾ, ಹೊಡಿ!" ಅಂದಳು.

ಅಗಸಿಯಲ್ಲಿ ಹಗ್ಗದ ಒಂದು ತುದಿ ಹಿಡಿದು ನಿಂತವನು ನಮ್ಮಣ್ಣ. ಅವನ ಕೈಯಿಂದ ಹಗ್ಗ ಹರಿದುಕೊಂಡು, ಬೇವು ಕೊಬ್ಬರಿ ಮೂತಿಗೆ ಸುತ್ತಿಕೊಂಡು, ಕಾರು ಮುಂದೆ ಹೋಗಿ ಒಂದು ತಿಪ್ಪೆಗೆ ಮೆತ್ತಗೆ ಹೊಕ್ಕು ನಿಂತಿತು. ಹೊತ್ತು ಇನ್ನೂ ಮುಳುಗಿರಲಿಲ್ಲ.

ಅಣ್ಣ ಓಡಿ ಬಂದ. ನನಗೆ ಏನೂ ಆಗಿಲ್ಲ ಅಂತ ಕೈಕಾಲು ಮುಟ್ಟಿ ನೋಡಿದ ಮೇಲೆ ಅವನಿಗೆ ಸಿಟ್ಟು ಬಂತು.

"ಮಾತಿನಂಗ ಬಂದೀನಣ್ಣಾ" ಅಂದೆ.

"ಬಂದಿ. ನಿಂದರಸಾಕ ಎಲ್ಲಿ ಬಂತು?"

"ನಿಂದರಸೂ ಮಾತು ಆಗಿರಲಿಲ್ಲ."

"ತಿಪ್ಪ್ಯಾಗ ನಿಂತಿದ್ದು ಬಂದಂಗಲ್ಲ. ನಾಳೆ ಗುಜರ್ಯಾವನ್ನ ಕರೆಸ್ತೀನಿ. ಮುಗೀತು."

ಆದರೆ ಊರಿನ ಹಿರಿಯರಿಗೆ ನಮ್ಮ ಜಗಳ ಬೇಡವಾಗಿತ್ತು. ಅವರಿಗೆ ಬೇರೆಯೇ ಚಿಂತೆ. ಹರಿದದ್ದು ಬಿಳಿದೂ ಅಲ್ಲ, ಕೆಂಪೂ ಅಲ್ಲ. ನನ್ನ ಕಾರು ಬೂದಿ ಬಣ್ಣದ್ದು. ಕರಿ ಹರಿದ ಮೇಲೆ ಫಲ ಹೇಳಲೇಬೇಕು. ಎಲ್ಲರಿಗಿಂತ ಹಿರಿಯಜ್ಜ ಕಾರಿನ ಬಾನೆಟ್ ಮೇಲೆ ಕೈಯಾಡಿಸಿದ, ಆಕಾಶ ನೋಡಿದ, ಮತ್ತೆ ಬಾನೆಟ್ ನೋಡಿದ.

"ಮೋಡದ ಬಣ್ಣ ಐತಿ. ಈ ವರ್ಷ ಮಳಿ ಚಲೋ. ಎರಡೂ ಬೆಳಿ ಬರತಾವ."

ಊರೇ ಹೋ ಅಂದಿತು. ಹಲಗೆ ಬಡಿಯತೊಡಗಿದರು. ಕರಿ ಹರಿದದ್ದಕ್ಕೆ ಮೆರವಣಿಗೆ ಆಗಬೇಕು, ಹರಿದದ್ದು ಯಾರ ಮನೆಯದೋ ಆ ಮನೆಯ ಯಜಮಾನ ರುಮಾಲು ಸುತ್ತಿ ಮುಂದೆ ನಡೆಯಬೇಕು. ಅಣ್ಣ ಒಲ್ಲೆ ಒಲ್ಲೆ ಅನ್ನುತ್ತಿದ್ದಂತೆಯೇ ತಲೆಗೆ ಗುಲಾಬಿ ರುಮಾಲು ಬಂತು, ಕೊರಳಿಗೆ ಹಾರ ಬಂತು. ಕಾರು ಚಾಲೂ ಆಗಲಿಲ್ಲ. ಸೋತ ಆ ಬಿಳಿ ಎತ್ತು, ಕೆಂದೆತ್ತು ಎರಡನ್ನೂ ತಂದು ಮುಂದೆ ಕಟ್ಟಿದರು. ಗೆದ್ದದ್ದನ್ನು ಸೋತವು ಎಳೆದುಕೊಂಡು ಹೊರಟವು. ನಾನು ಒಳಗೆ ಕೂತು ಚಕ್ರ ತಿರುಗಿಸುತ್ತಿದ್ದೆ. ಅಕ್ಕ ಕಿಟಕಿಯಿಂದ ಹೋಳಿಗೆ ಹಂಚುತ್ತಿದ್ದಳು.

ಮೊದಲ ಓಣಿಯಲ್ಲಿ ಅಣ್ಣ ನೆಲ ನೋಡುತ್ತ ನಡೆದ. ಎರಡನೇ ಓಣಿಯಲ್ಲಿ ಹೆಂಗಸರು ಆರತಿ ತಂದರು, ತಲೆ ಎತ್ತಿದ. ಮೂರನೇ ಓಣಿಗೆ ಬರುವಾಗ ಮೀಸೆಯ ಮೇಲೆ ಕೈ ಹೋಗಿತ್ತು. ಅಲ್ಲಿ ದನದ ವ್ಯಾಪಾರದ ದಲಾಲ ಒಬ್ಬ ಕಟ್ಟೆಯ ಮೇಲೆ ಕೂತಿದ್ದ. ಕಾರಿನ ಕಡೆ ಕೈ ಮಾಡಿ, ಎತ್ತಿನ ವಯಸ್ಸು ಕೇಳುವ ಹಾಗೆ ಚೇಷ್ಟೆಗೆ ಕೂಗಿದ: "ಗೌಡ್ರ, ಹಲ್ಲು ಎಷ್ಟಾಗ್ಯಾವು? ಕೊಡೂದಿದ್ರ ಹೇಳ್ರಿ, ನಾಳೆ ಗಿರಾಕಿ ಕಳಸ್ತೀನಿ."

ಅಣ್ಣ ನಿಂತ. ಎತ್ತುಗಳೂ ನಿಂತವು, ಹಲಗೆಯೂ ನಿಂತಿತು. ರುಮಾಲು ಸರಿ ಮಾಡಿಕೊಂಡು ದಲಾಲನ ಕಡೆ ತಿರುಗಿದ.

"ಲೇ, ಕರಿ ಹರದಿದ್ದನ್ನ ಯಾರರ ಮಾರತಾರೇನಲೇ?"