ಗೂಢಚಾರನೇ ಇಲ್ಲದ ಆಟ

"ನನ್ನ ಕಣ್ಣಿಗೆ ಮಣ್ಣೆರಚೋರು ಈ ಮನೇಲಿ ಇನ್ನೂ ಹುಟ್ಟಿಲ್ಲ! ಅರ್ಧ ಗಂಟೆ ಸಾಕು. ಗೂಢಚಾರ ಯಾರೇ ಆಗಿರ್ಲಿ, ಕಿವಿ ಹಿಡಿದು ಎಳ್ಕೊಂಡು ಬರ್ತೀನಿ!"

ಭಾನುವಾರ ಮಧ್ಯಾಹ್ನ, ಊಟದ ಮೇಜಿನ ತುದಿಯ ಕುರ್ಚಿಯಲ್ಲಿ ವಿರಾಜಮಾನರಾಗಿ ಹದ್ದು ಸಾಹೇಬರು ಹೀಗೆ ಗುಡುಗಿದರು. ಗುಡುಗಿಗೆ ಯಾರೂ ನಡುಗಲಿಲ್ಲ. ಹೆಂಡತಿ ಮೇಜು ಒರೆಸುತ್ತಿದ್ದರು, ಹನ್ನೆರಡು ವರ್ಷದ ಮಗಳು ಆಟದ ಪೆಟ್ಟಿಗೆಯ ದಾರ ಬಿಚ್ಚುತ್ತಿದ್ದಳು, ಸಾಹೇಬರ ತಾಯಿ ಮಾತ್ರ "ಮೊದಲು ಕೂತ್ಕೊಳ್ಳೋದು ಸರಿಯಾಗಿ ಕೂತ್ಕೋ, ಕುರ್ಚಿ ಕಾಲು ಅಲ್ಲಾಡುತ್ತೆ" ಎಂದರು.

ಸಾಹೇಬರ ಜಂಬಕ್ಕೆ ಕಾರಣವಿಲ್ಲದೆ ಇರಲಿಲ್ಲ. ಇಪ್ಪತ್ತಮೂರು ವರ್ಷದಿಂದ ಅವರು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವರು. ಹದ್ದು ಎಂಬ ಬಿರುದನ್ನು ಕಂಡಕ್ಟರುಗಳೇ ಸೇರಿ ದಯಪಾಲಿಸಿದ್ದರು. ಅವರು ಟಿಕೆಟ್ಟನ್ನಲ್ಲ, ಮುಖವನ್ನು ಓದುತ್ತಿದ್ದರು. ಟಿಕೆಟ್ ಇಲ್ಲದವನು ಕಿಟಕಿಯಾಚೆ ನೋಡುತ್ತಾನೆ. ನಿನ್ನೆಯ ಟಿಕೆಟ್ ಇಟ್ಟುಕೊಂಡವನು ಕೇಳುವ ಮೊದಲೇ ಕೈ ಚಾಚುತ್ತಾನೆ. ನಿಲ್ದಾಣ ದಾಟಿದವನ ಕಿವಿ ಕೆಂಪಾಗುತ್ತದೆ. ಇದು ಸಾಹೇಬರ ಶಾಸ್ತ್ರ! ಮುಖ ಓದಿ ಮುಗಿದ ಮೇಲೆ ಟಿಕೆಟ್ಟಿಗೆ ಇಕ್ಕಳದಿಂದ ಒಂದು ತೂತು. ಒಬ್ಬೊಬ್ಬ ತಪಾಸಕರ ಇಕ್ಕಳಕ್ಕೂ ಒಂದೊಂದು ಆಕಾರ, ಸಾಹೇಬರದು ನಕ್ಷತ್ರ. ಇಡೀ ಡಿಪೋದಲ್ಲಿ ನಕ್ಷತ್ರ ಅವರೊಬ್ಬರದ್ದೇ.

ಆದರೆ ಹದ್ದಿಗೂ ಒಂದು ಗುಟ್ಟಿತ್ತು. ಒಂದು ವರ್ಷದಿಂದ ಹತ್ತಿರದ ಅಕ್ಷರಗಳೆಲ್ಲ ಸಾಲುಗಟ್ಟಿದ ಇರುವೆಗಳಾಗಿಬಿಟ್ಟಿದ್ದವು. ದೂರದ ಬಸ್ಸಿನ ಬೋರ್ಡು ಕಾಣುತ್ತಿತ್ತು, ಕೈಯಲ್ಲಿರುವ ಟಿಕೆಟ್ಟು ಕಾಣುತ್ತಿರಲಿಲ್ಲ! ಸೋಮವಾರ, ಅಂದರೆ ಮರುದಿನವೇ, ಇಲಾಖೆಯ ವರ್ಷದ ಕಣ್ಣಿನ ಪರೀಕ್ಷೆ. ಕೈಗೊಂದು ಹಾಳೆ ಕೊಡುತ್ತಾರೆ, ಓದಬೇಕು. ಓದಲಾರದವರನ್ನು ಬಸ್ಸಿನಿಂದಿಳಿಸಿ ಡಿಪೋದ ಹಿಂಬದಿ ಕೋಣೆಯಲ್ಲಿ, ಪ್ರಯಾಣಿಕರು ಮರೆತುಹೋದ ಕೊಡೆ, ಒಂಟಿ ಚಪ್ಪಲಿಗಳ ನಡುವೆ ಕೂರಿಸುತ್ತಾರೆ. ಕನ್ನಡಕ ಹಾಕಿಕೊಂಡು ಓದಬಹುದು ಎಂಬ ನಿಯಮವೇನೋ ಇತ್ತು. ಆದರೆ ಕನ್ನಡಕ ಹಾಕಿದ ಹದ್ದನ್ನು ಯಾರಾದರೂ ಕಂಡಿದ್ದಾರೆಯೇ? ಕಂಡಕ್ಟರುಗಳು ನಗುವುದಿಲ್ಲವೇ? ಅದಕ್ಕೇ ಸಾಹೇಬರು ಬೇರೆ ದಾರಿ ಹಿಡಿದಿದ್ದರು. ಹೋದ ವರ್ಷದ ಹಾಳೆಯಲ್ಲಿದ್ದುದನ್ನು ಬಾಯಿಪಾಠ ಮಾಡಿದ್ದರು! ದಿನಾ ಬೆಳಿಗ್ಗೆ ಗಡ್ಡ ಕೆರೆಯುತ್ತಾ, "ಬೆಟ್ಟದ ಮೇಲೊಂದು ಮನೆ. ಮನೆಯ ಮುಂದೊಂದು ಬಾವಿ. ಬಾವಿಯ ಪಕ್ಕ ಕುಂಬಳದ ಬಳ್ಳಿ..." ಎಂದು ಗುನುಗುತ್ತಿದ್ದರು.

ಇಂಥ ಭಾನುವಾರ ಆ ಆಟ ಮನೆಗೆ ಬಂದಿತ್ತು. ಸಾಹೇಬರ ನಾದಿನಿ, ಅಂದರೆ ಹೆಂಡತಿಯ ತಂಗಿ, ಆಟಿಕೆ ಮಾಡುವವಳು. 'ಏಳು ಕೋಣೆ, ಒಬ್ಬ ಗೂಢಚಾರ' ಎಂಬ ಹೊಸ ಆಟ ಕಟ್ಟಿದ್ದಳು. ಅಚ್ಚಿಗೆ ಹಾಕುವ ಮೊದಲು ಹತ್ತು ಮನೆಯವರು ಆಡಿ ಅಭಿಪ್ರಾಯ ಬರೆಯಬೇಕಂತೆ. ಪೆಟ್ಟಿಗೆಯ ಜೊತೆ ಎರಡು ಪುಟದ ಅಭಿಪ್ರಾಯ ಪತ್ರವನ್ನೂ ಇಟ್ಟು, "ಮುಲಾಜು ನೋಡ್ಬೇಡಿ ಭಾವ, ತಪ್ಪಿದ್ರೆ ತಪ್ಪು ಅಂತಾನೇ ಬರೀರಿ" ಎಂದು ಹೋಗಿದ್ದಳು. ಮುಲಾಜು! ಸಾಹೇಬರಿಗೆ ಆ ಪದದ ಪರಿಚಯವೇ ಇಲ್ಲ.

ಮಗಳು ನಿಯಮ ಓದಿದಳು. ಹಾಸಿನ ಮೇಲೆ ಏಳು ಕೋಣೆಯ ಬಂಗಲೆ. ದಾಳ ಎಸೆದು ಕಾಯಿ ನಡೆಸಬೇಕು. ನಾಲ್ವರಿಗೂ ಒಂದೊಂದು ಕಾರ್ಡು. ಮೂವರು ಕಾವಲುಗಾರರು, ಒಬ್ಬ ಗೂಢಚಾರ. ಒಂದೇ ಕೋಣೆಯಲ್ಲಿ ಸಿಕ್ಕವರನ್ನು ಪ್ರಶ್ನಿಸಬಹುದು. ಅನುಮಾನ ಬಂದರೆ "ನೀನೇ ಗೂಢಚಾರ" ಎನ್ನಬಹುದು. ಆಗ ಅವರು ಕಾರ್ಡು ತೋರಿಸಲೇಬೇಕು. ಪಕ್ಕದವರು ಇಣುಕಿ ತಿಳಿದುಕೊಳ್ಳಬಾರದೆಂದು ನಾಲ್ಕೂ ಕಾರ್ಡಿಗೆ ಟೋಪಿ ಹಾಕಿದ ಒಂದೇ ಚಿತ್ರ. ನೀವು ಯಾರು ಎಂಬುದು ಮಾತ್ರ ಕೆಳಗೆ, ಸಣ್ಣಕ್ಷರದಲ್ಲಿ.

ಸಣ್ಣಕ್ಷರದಲ್ಲಿ!

ಸಾಹೇಬರು ಕಾರ್ಡು ತೆಗೆದುಕೊಂಡರು. ಟೋಪಿ ಕಂಡಿತು. ಕೆಳಗೆ ಇರುವೆಗಳು ಕಂಡವು. ಗಂಭೀರವಾಗಿ ತಲೆಯಾಡಿಸಿ ಕಾರ್ಡನ್ನು ಅಂಗಿಯ ಜೇಬಿಗೆ ಇಳಿಸಿದರು. ಇಪ್ಪತ್ತಮೂರು ವರ್ಷ ಕಾವಲು ಕಾದವರ ಕೈಗೆ ಕಾವಲುಗಾರನ ಕಾರ್ಡಲ್ಲದೆ ಇನ್ನೇನು ಬಂದೀತು! ಆ ಕಾರ್ಡಿನಲ್ಲಿ ನಿಜವಾಗಿ ಏನಿತ್ತೆಂದು ಓದುಗರಿಗೆ ಈಗಲೇ ಹೊಳೆದಿದ್ದರೆ ದಯವಿಟ್ಟು ಬಾಯಿ ಬಿಡಬೇಡಿ. ಸಾಹೇಬರು ಬಹಳ ಹುರುಪಿನಲ್ಲಿದ್ದಾರೆ.

ಎರಡನೇ ಸುತ್ತಿಗೇ ಮಗಳು ಅಡುಗೆಕೋಣೆಯಲ್ಲಿ ಸಿಕ್ಕಿಬಿದ್ದಳು. ಆಟದ ಅಡುಗೆಕೋಣೆಯಲ್ಲಿ.

"ಒಂದು ಪ್ರಶ್ನೆ. ಮೊದಲೆಲ್ಲ ಪೇಪರ್ ಅಂದ್ರೆ ಮೂಗು ಮುರೀತಿದ್ದೋಳು, ಈಗ ದಿನಾ ನನ್ನ ಪಕ್ಕ ಕೂತು ಗಟ್ಟಿಯಾಗಿ ಓದ್ತೀಯ. ಯಾಕೆ?"

"ಉಚ್ಚಾರಣೆ ಸರಿಯಾಗ್ಲಿ ಅಂತ ಅಪ್ಪ. ಮೇಷ್ಟ್ರು ಹೇಳಿದ್ರು."

"ಸ್ಮರಣಾರ್ಥದ ಜಾಹೀರಾತೂ ಓದ್ತೀಯ! ಅದ್ಯಾವ ಉಚ್ಚಾರಣೆ?"

ಮಗಳ ಕಿವಿ ಕೆಂಪಾಯಿತು. ಸಾಹೇಬರು ಮೇಜು ಗುದ್ದಿದರು. "ನೀನೇ ಗೂಢಚಾರ!"

ಮಗಳು ಕಾರ್ಡು ಚಾಚಿ, "ಕಾವಲುಗಾರ. ನೋಡು ಬೇಕಾದ್ರೆ" ಎಂದಳು. ಸಾಹೇಬರು ಮುಂದೆ ನೋಡಿ, ಹಿಂದೆ ತಿರುಗಿಸಿ ನೋಡಿ, "ಹ್ಞೂಂ" ಎಂದು ಹಿಂತಿರುಗಿಸಿದರು. ಬಲಗೈ ತಾನಾಗಿ ಇಕ್ಕಳ ಹುಡುಕಿ ಜೇಬಿನವರೆಗೆ ಹೋಗಿ ಬಂತು.

ಮುಂದಿನ ಬೇಟೆ ಹೆಂಡತಿ. ಬಂಗಲೆಯ ಪಡಸಾಲೆಯಲ್ಲಿ ಅಡ್ಡಗಟ್ಟಿದರು.

"ನೀನು ಸಾಮಾನಿನ ಚೀಟಿ ಬರೀತೀಯಲ್ಲ, ಮೊದಲು ಅರ್ಧ ಹಾಳೇಲಿ ತಿಂಗಳ ಸಾಮಾನೆಲ್ಲ ಹಿಡಿಸ್ತಿದ್ದೆ. ಈಗ ಸೋಪು, ಸಕ್ಕರೆ, ಇವೆರಡಕ್ಕೇ ಒಂದು ಹಾಳೆ! ಒಂದೊಂದು ಅಕ್ಷರ ಅಂಗಡಿ ಬೋರ್ಡಿನಷ್ಟಿದೆ. ಏನು ಸಮಾಚಾರ?"

"ಕೈ ನೋವು ರೀ. ಸಣ್ಣದಾಗಿ ಬರೆಯೋಕೆ ಆಗಲ್ಲ."

"ಕೈ ನೋವಿದ್ದೋರು ಸಣ್ಣದು ಬರೀತಾರೋ ದೊಡ್ಡದೋ?"

ಹೆಂಡತಿ ಕಿಟಕಿಯಾಚೆ ನೋಡಿದರು. ಟಿಕೆಟ್ ಇಲ್ಲದ ಪ್ರಯಾಣಿಕರ ಅದೇ ನೋಟ! "ಸಿಕ್ಕಿಬಿದ್ದೆ! ತೋರಿಸು ಕಾರ್ಡು!"

ಅದೂ ಕಾವಲುಗಾರನ ಕಾರ್ಡೇ ಎಂದು ಮಗಳು ಓದಿ ಹೇಳಿದಳು.

ಉಳಿದವರು ಒಬ್ಬರೇ. ಹೆತ್ತ ತಾಯಿ! ಆದರೆ ಕರ್ತವ್ಯ ಕರ್ತವ್ಯವೇ.

"ಅಮ್ಮ, ನಿನ್ನ ಕನ್ನಡಕ ಎಲ್ಲೆಂದರಲ್ಲಿ ಬಿದ್ದಿರುತ್ತೆ. ನಾನು ಪೇಪರ್ ತೆಗೆದ್ರೆ ಪೇಪರ್ ಮೇಲೆ. ಫೋನ್ ಎತ್ತಿದ್ರೆ ಫೋನ್ ಪಕ್ಕ. ನಿನ್ನೆ ನನ್ನ ಗಡ್ಡದ ಬ್ರಷ್ ಹತ್ರ! ನೀನೇನು ಗಡ್ಡ ಕೆರೀತೀಯಾ?"

"ವಯಸ್ಸಾಯ್ತು ಕಣೋ. ಇಟ್ಟಲ್ಲೇ ಮರೀತೀನಿ."

"ನಿನಗೆ ಮರೆವು? ನಾನು ಮೂರನೇ ಕ್ಲಾಸಲ್ಲಿ ಒಡೆದ ಲೋಟದ ಬಣ್ಣ ಇವತ್ತಿಗೂ ಹೇಳ್ತೀಯ!"

"ನೀಲಿ" ಎಂದ ತಾಯಿ, ಕೇಳುವ ಮೊದಲೇ ಕಾರ್ಡು ಚಾಚಿಬಿಟ್ಟರು. ನಿನ್ನೆಯ ಟಿಕೆಟ್! ಆದರೆ ಮಗಳು ಓದಿದಳು: ಕಾವಲುಗಾರ.

ಸಾಹೇಬರು ಬೆಪ್ಪಾದರು. ಮೂರು ಮುಖಗಳೂ ಏನನ್ನೋ ಮುಚ್ಚಿಡುತ್ತಿವೆ. ಇಪ್ಪತ್ತಮೂರು ವರ್ಷದ ಶಾಸ್ತ್ರ ಸುಳ್ಳಾಗುವುದುಂಟೇ? ಆದರೆ ಮೂರು ಕಾರ್ಡುಗಳೂ ಶುದ್ಧ. ಅಂದಮೇಲೆ ಉಳಿದದ್ದು ಒಂದೇ ತೀರ್ಮಾನ, ಅದೂ ಮಿಂಚಿನಂತೆ ಹೊಳೆಯಿತು.

"ಆಟವೇ ತಪ್ಪು! ನಿನ್ನ ತಂಗಿ ಗೂಢಚಾರನ ಕಾರ್ಡು ಹಾಕೋದನ್ನೇ ಮರೆತಿದ್ದಾಳೆ! ಮಗಳೇ, ಅಭಿಪ್ರಾಯ ಪತ್ರ ತೆಗಿ. ಬರಿ. ಗೂಢಚಾರರ ಈ ಆಟದಲ್ಲಿ ಗೂಢಚಾರನೇ ಇಲ್ಲ. ಇದು ಸಕ್ಕರೆಯಿಲ್ಲದ ಸಿಹಿ, ಚಕ್ರವಿಲ್ಲದ ಬಸ್ಸು..."

"ಅಪ್ಪ..."

"ಬರಿ ಅಂದ್ರೆ ಬರಿ!" ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಸಾಹೇಬರು ನಾದಿನಿಗೆ ಫೋನನ್ನೂ ಹಚ್ಚಿದರು, ಎಲ್ಲರಿಗೂ ಕೇಳುವ ಹಾಗೆ.

"ನೋಡಮ್ಮ, ಬೇಜಾರು ಮಾಡ್ಕೋಬೇಡ. ನಿನ್ನ ಆಟದಲ್ಲಿ ದೊಡ್ಡ ಲೋಪ ಕಂಡುಹಿಡಿದಿದ್ದೀನಿ. ಮೂರೂ ಕಾರ್ಡು ತಪಾಸಣೆ ಮಾಡ್ದೆ. ಮೂರೂ ಕಾವಲುಗಾರರದ್ದೇ!"

"ನಾಲ್ಕನೇದು ಯಾರ ಹತ್ರ ಇದೆ ಭಾವ?"

"ನಾಲ್ಕನೇದು ನನ್ನ ಹತ್ರ ಇದೆ, ಅದರಲ್ಲೇನು?"

ಆ ಕಡೆ ಕಿಸಕ್ಕೆಂದು ನಗು ತಡೆದ ಸದ್ದು. ಆಮೇಲೆ, "ಭಾವ, ಒಲೆ ಮೇಲೆ ಏನೋ ಇಟ್ಟಿದ್ದೆ, ಆಮೇಲೆ ಮಾತಾಡ್ತೀನಿ" ಎಂದು ಫೋನು ಕಟ್ಟಾಯಿತು.

ಮಗಳು ಪೆನ್ನು ಕೆಳಗಿಟ್ಟಳು. ಮೆಲ್ಲಗೆ, "ಅಪ್ಪ, ನಿನ್ನ ಕಾರ್ಡು ಓದು" ಎಂದಳು.

"ಆಗ್ಲೇ ಓದಿದೀನಿ."

"ಇನ್ನೊಂದ್ಸಲ. ಗಟ್ಟಿಯಾಗಿ."

ಸಾಹೇಬರು ಕಾರ್ಡು ತೆಗೆದು ಕೈ ಚಾಚಿದರು. ಇನ್ನಷ್ಟು ಚಾಚಿದರು. ಕುರ್ಚಿಯ ಬೆನ್ನಿಗೆ ಒರಗಿದರು. ಕೈ ಅಲ್ಲಿಗೆ ಮುಗಿಯಿತು, ಇರುವೆಗಳು ಇರುವೆಗಳಾಗಿಯೇ ಉಳಿದವು. "ಕಾ... ವಲು... ಗಾರ" ಎಂದರು.

ಯಾರೂ ನಗಲಿಲ್ಲ. ಸಾಹೇಬರಿಗೆ ಅನುಮಾನ ಬಂದದ್ದು ಆಗಲೇ. ಇವರು ನಗಬೇಕಿತ್ತು. ಈ ಮನೆಯಲ್ಲಿ ಅವರು ಕೆಮ್ಮಿದರೂ ನಗುವ ಜನ ಇವರು.

ಹೆಂಡತಿ ಎದ್ದು ಹೋಗಿ, ಗುಂಡಿ ದಾರ ಇಡುವ ಡಬ್ಬಿಯಿಂದ ಮಡಿಸಿದ ಒಂದು ಚೀಟಿ ತಂದು ಮೇಜಿನ ಮೇಲಿಟ್ಟರು. ಚೀಟಿಯ ನಟ್ಟನಡುವೆ ನಕ್ಷತ್ರಾಕಾರದ ತೂತು.

"ಇಸ್ತ್ರಿ ಅಂಗಡಿಯವನು ಕೊಟ್ಟ. ಅವನ ಗಿರಾಕಿಯೊಬ್ಬರು ಬಸ್ಸಲ್ಲಿ ಟಿಕೆಟ್ ಅಂದ್ಕೊಂಡು ಈ ಇಸ್ತ್ರಿ ಚೀಟೀನ ನಿಮ್ಮ ಕೈಗೆ ಕೊಟ್ರಂತೆ. ನೀವು ಹಿಂದೆ ಮುಂದೆ ತಿರುಗಿಸಿ ನೋಡಿ, ನಕ್ಷತ್ರ ಹೊಡೆದು ವಾಪಸ್ ಕೊಟ್ರಂತೆ. ಎರಡು ಪ್ಯಾಂಟು, ಒಂದು ಹೊದಿಕೆ."

"ಯಾವಾಗ?"

"ಹೋದ ತಿಂಗಳು. ಎರಡು ಪ್ಯಾಂಟು ಒಂದು ಹೊದಿಕೆ ಟಿಕೆಟ್ ತಗೊಂಡು ಪ್ರಯಾಣ ಮಾಡಿದ್ವು ಅಂತ ಅವನು ನಗ್ತಿದ್ದ. ಚೀಟಿ ಇಸ್ಕೊಂಡು, ಇನ್ಯಾರಿಗೂ ಹೇಳ್ಬೇಡಪ್ಪ ಅಂತ ಕೇಳ್ಕೊಂಡು ಬಂದೆ. ಹೇಳಿಲ್ಲ, ಪಾಪ ಒಳ್ಳೆಯವನು."

ಸಾಹೇಬರು ನಕ್ಷತ್ರದ ಮೇಲೆ ಬೆರಳಾಡಿಸಿದರು. ದೊಡ್ಡಕ್ಷರದ ಚೀಟಿ. ಗಟ್ಟಿ ದನಿಯ ಪೇಪರು. ಎಲ್ಲೆಂದರಲ್ಲಿ ಮರೆತ ಕನ್ನಡಕ. ಒಂದೊಂದೇ ಅರ್ಥವಾಯಿತು. ಮೂರು ಮುಖಗಳನ್ನೂ ಅವರು ಸರಿಯಾಗಿಯೇ ಓದಿದ್ದರು. ಮೂವರೂ ಗೂಢಚಾರರೇ. ಒಂದು ವರ್ಷದಿಂದ ಈ ಮನೆಯಲ್ಲಿ ಸಂಚು ನಡೆದಿತ್ತು, ಮತ್ತು ಅದು ಅವರ ಮಾನ ಕಾಯುವ ಸಂಚು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?" ಎಂದರು. ದನಿಯಲ್ಲಿ ಹದ್ದು ಇರಲಿಲ್ಲ.

"ಹೇಳಿದ್ರೆ ನೊಂದ್ಕೊಳ್ತೀರ ಅಂತ. ನೀವಾಗಿ ಹೇಳ್ಲಿ ಅಂತ ಕಾದ್ವಿ" ಎಂದರು ಹೆಂಡತಿ.

"ನಿನ್ನ ಬೆಟ್ಟದ ಮೇಲಿನ ಮನೆ ಕೇಳಿ ಕೇಳಿ ನನಗೂ ಬಾಯಿಗೆ ಬಂದ್ಬಿಟ್ಟಿದೆ ಕಣೋ. ಕುಂಬಳದ ಬಳ್ಳಿ ಆದ್ಮೇಲೆ ಕರಿ ಬೆಕ್ಕು" ಎಂದರು ತಾಯಿ.

"ಅಪ್ಪ, ನಾಳೆ ಅವರು ಹಾಳೆ ಬದಲಾಯಿಸಿದ್ರೆ?" ಎಂದಳು ಮಗಳು.

ಹಾಳೆ ಬದಲಾಯಿಸಿದರೆ! ಬಸ್ಸಿನಲ್ಲಿ ನೂರಾರು ಉಪಾಯಗಾರರನ್ನು ಹಿಡಿದ ಮಹಾನುಭಾವರಿಗೆ ಈ ಒಂದು ಮಾತು ಹೊಳೆದೇ ಇರಲಿಲ್ಲ. ಎದ್ದು ಚಪ್ಪಲಿ ಮೆಟ್ಟಿದರು.

ಬೀದಿಯ ಕೊನೆಯ ಕನ್ನಡಕದಂಗಡಿ ಭಾನುವಾರವೂ ತೆರೆದಿತ್ತು. ನಾಲ್ವರೂ ಒಟ್ಟಿಗೆ ಹೋದರು. ಕಪ್ಪು ಚೌಕಟ್ಟು ಬೇಕೆಂದು ಮಗಳು, ಕಂದು ಬೇಕೆಂದು ಹೆಂಡತಿ, ಗಟ್ಟಿಯದು ಬೇಕೆಂದು ತಾಯಿ ಜಗಳವಾಡಿದರು. ಕನ್ನಡಕ ಮೂಗಿಗೇರಿದ ಕ್ಷಣ ಸಾಹೇಬರು ಜೇಬಿನಿಂದ ಆಟದ ಕಾರ್ಡು ತೆಗೆದು ನೋಡಿದರು. ಇರುವೆಗಳು ಶಿಸ್ತಾಗಿ ನಿಂತು ಅಕ್ಷರಗಳಾದವು: 'ನೀವೇ ಗೂಢಚಾರ. ಯಾರಿಗೂ ಗೊತ್ತಾಗದಂತೆ ನೋಡಿಕೊಳ್ಳಿ.' ಅಂಗಡಿಯ ನಡುವೆ ನಿಂತು ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ಉಳಿದ ಮೂವರೂ ನಕ್ಕರು, ಮಧ್ಯಾಹ್ನದಿಂದ ತಡೆದಿಟ್ಟಿದ್ದ ನಗೆಯನ್ನೆಲ್ಲ ಸೇರಿಸಿ.

ಸೋಮವಾರ ಕೈಗೆ ಬಂದ ಹಾಳೆಯಲ್ಲಿ ಬೆಟ್ಟವೂ ಇರಲಿಲ್ಲ, ಮನೆಯೂ ಇರಲಿಲ್ಲ. ಹೊಳೆಯೊಂದಿತ್ತು, ದೋಣಿಯೊಂದಿತ್ತು! ಸಾಹೇಬರು ಕನ್ನಡಕ ಸರಿಪಡಿಸಿಕೊಂಡು ದೋಣಿಯನ್ನು ಒಂದೂ ತಪ್ಪಿಲ್ಲದೆ ದಡ ಸೇರಿಸಿದರು. ಕಣ್ಣಿನ ಡಾಕ್ಟರು "ಮುಂದಿನವರು ಬನ್ನಿ" ಎಂದರು. ಹೊರಗೆ ಕಂಡಕ್ಟರುಗಳು ನಗಲೂ ಇಲ್ಲ. ಒಬ್ಬ ಮಾತ್ರ ಹತ್ತಿರ ಬಂದು, ಯಾವ ಅಂಗಡಿ ಎಂದು ಗುಟ್ಟಾಗಿ ಕೇಳಿಕೊಂಡು ಹೋದ.

ಸಂಜೆ ಸಾಹೇಬರು ಅಭಿಪ್ರಾಯ ಪತ್ರವನ್ನು ತಾವೇ ಬರೆಯಲು ಕೂತರು. ಚಕ್ರವಿಲ್ಲದ ಬಸ್ಸನ್ನು ಹೊಡೆದು ಹಾಕಿದರು. ಅಕ್ಷರದ ಗಾತ್ರ ಹೇಗಿದೆ ಎಂಬಲ್ಲಿ, 'ಸರಿಯಾಗಿದೆ. ದಯವಿಟ್ಟು ದೊಡ್ಡದು ಮಾಡಬೇಡ. ಇಷ್ಟು ಸಣ್ಣದಿದ್ದುದರಿಂದಲೇ ನಾನು ಉಳಿದೆ' ಎಂದು ಬರೆದರು. ಕೊನೆಯ ಪ್ರಶ್ನೆ: ನಿಮ್ಮ ಮನೆಯ ಅತ್ಯುತ್ತಮ ಗೂಢಚಾರ ಯಾರು? ಸಾಹೇಬರು ನಿಧಾನವಾಗಿ ಬರೆದರು. ಹೆಂಡತಿ. ಮಗಳು. ಅಮ್ಮ.

ಭುಜದ ಮೇಲಿಂದ ಇಣುಕಿದ ಮಗಳು, "ಅಪ್ಪ, ಒಬ್ಬರ ಹೆಸರು ಮಾತ್ರ ಬರೀಬೇಕು ಅಂತ ಕೆಳಗೆ ಸಣ್ಣಕ್ಷರದಲ್ಲಿದೆ, ನೋಡು" ಎಂದಳು.

"ಕಾಣಿಸ್ತಿದೆ ಮಗಳೇ, ಸ್ಪಷ್ಟವಾಗಿ ಕಾಣಿಸ್ತಿದೆ. ಆದ್ರೂ ಮೂರೇ ಇರ್ಲಿ. ಈಗ ನನ್ನ ಕಣ್ಣು ಹೇಗಿದೆ ಗೊತ್ತಾ? ಈ ಮನೇಲಿ ಒಂದು ಸೂಜಿ ಅಲ್ಲಾಡಿದ್ರೂ ನನಗೆ..."

"ಅದೆಲ್ಲ ಸರಿ ಕಣೋ. ಮೊದಲು ನಿನ್ನ ಮೂಗಿನ ಮೇಲಿರೋ ನನ್ನ ಕನ್ನಡಕ ತೆಗೆದು ಕೊಡು" ಎಂದರು ತಾಯಿ. "ನಿನ್ನದು ಡಿಪೋದಿಂದ ಬಂದು ನೀನೇ ಇಟ್ಟ ಡಬ್ಬಿಯಲ್ಲೇ ಇದೆ."